ಕ್ವಿರಿನ್‌ನ ಕೊಕ್ಕೆಬೆರಳು

ಹೋಲ್ಟ್ಸಾಯ್ ಊರಿನ ಕ್ವಿರಿನ್ ಹಿರ್ಶ್‌ಆವರ್ ಪ್ರೀತಿಯಿಂದ ಕೈ ಬೀಸಿದರೆ ಹೊಸಬರು ಸೈಕಲ್ ತಿರುಗಿಸಿಕೊಂಡು ಓಡುತ್ತಿದ್ದರು. ತಪ್ಪು ಅವರದಲ್ಲ. ಅಂಗಡಿಯ ಬಾಗಿಲಲ್ಲಿ ನಿಂತ ದಪ್ಪ ಮೀಸೆಯ ಮನುಷ್ಯ ಮುಷ್ಟಿ ಎತ್ತಿ ಅಲ್ಲಾಡಿಸಿದರೆ ಯಾರಾದರೂ ಏನೆಂದುಕೊಂಡಾರು? ಅದು ಮುಷ್ಟಿಯಲ್ಲ, ಬಿಚ್ಚಿದ ಕೈಯೇ, ಅವನಿಗೆ ಬಿಚ್ಚಲು ಬರುವುದೇ ಅಷ್ಟು ಎಂದು ಗುಡ್ಡ ಹತ್ತಲು ಬಂದ ಪ್ರವಾಸಿಗಳಿಗೆ ಹೇಳುವವರು ಯಾರು!

ಬಲಗೈಯ ನಡುಬೆರಳು, ಉಂಗುರದ ಬೆರಳು ಎರಡೂ ಅಂಗೈ ಕಡೆಗೆ ಬಾಗಿ ಹಾಗೇ ನಿಂತುಬಿಟ್ಟಿದ್ದವು. ಐವತ್ನಾಲ್ಕನೇ ವಯಸ್ಸಿನಲ್ಲಿ ಅಂಗೈಯಲ್ಲಿ ಒಂದು ಬಟಾಣಿ ಗಾತ್ರದ ಗಂಟು ಕಂಡಿತ್ತು. ದಬ್ಬಣ ಒತ್ತಿ ಒತ್ತಿ ಬಂದ ಜಡ್ಡು ಅಂದುಕೊಂಡ. ಆಮೇಲೆ ಗಂಟಿನಿಂದ ಬೆರಳಿನವರೆಗೆ ಚರ್ಮದಡಿಯಲ್ಲಿ ಒಂದು ಹುರಿ ಎದ್ದಿತು. ಆ ಹುರಿ ವರ್ಷಕ್ಕಿಷ್ಟು ಬಿಗಿಯುತ್ತ ಮೊದಲು ಒಂದು ಬೆರಳನ್ನು, ಆಮೇಲೆ ಪಕ್ಕದ್ದನ್ನೂ ಎಳೆದುಕೊಂಡಿತು. ನೋವಿರಲಿಲ್ಲ, ಅದೇ ಅದರ ಮೋಸ. ಅವನ ಅಪ್ಪನಿಗೂ ಹೀಗೇ ಆಗಿತ್ತು, ತಾತನಿಗೂ ಆಗಿತ್ತು. "ಹೊಲ ಎಲ್ಲಾ ಅಣ್ಣಂಗೆ ಹೋಯ್ತು, ಬೆರಳು ನಂಗೆ ಬಂತು" ಎಂದು ಕ್ವಿರಿನ್ ನಗುತ್ತಿದ್ದ.

ಈಗ ಅವನಿಗೆ ಅರವತ್ತೆರಡು. ಚರ್ಚಿನ ಹಿಂದಿನ ಓಣಿಯಲ್ಲಿ ಅವನ ಚರ್ಮದಂಗಡಿ. ಹಸುಗಳ ಕೊರಳ ಗಂಟೆಗೆ ಅಗಲವಾದ ಪಟ್ಟಿ, ಕುದುರೆಗೆ ಲಗಾಮು, ಗಂಡಸರ ಚರ್ಮದ ಚಡ್ಡಿಗೆ ಎದೆಪಟ್ಟಿ, ಎಲ್ಲವನ್ನೂ ದಬ್ಬಣದಲ್ಲಿ ತೂತು ಮಾಡಿ ಕೈಯಲ್ಲೇ ಹೊಲಿಯುವವನು. ಬೆರಳು ಬಾಗಿದ್ದರಿಂದ ಕೆಲಸವೇನೂ ನಿಂತಿರಲಿಲ್ಲ. ನಿಂತದ್ದು ಬೇರೆ ಸಣ್ಣಪುಟ್ಟ ಸುಖಗಳು. ಮುಖ ತೊಳೆಯಲು ಹೋದರೆ ನಡುಬೆರಳು ನೇರ ಮೂಗಿನ ಹೊಳ್ಳೆಗೆ ಹೋಗುತ್ತಿತ್ತು. ಕೈ ಜೇಬಿಗೆ ಇಳಿಯುತ್ತಿರಲಿಲ್ಲ, ಇಳಿದರೆ ಮೇಲೆ ಬರುತ್ತಿರಲಿಲ್ಲ. ಚರ್ಚಿನಲ್ಲಿ ಪಕ್ಕದವರಿಗೆ ಶಾಂತಿ ಕೋರಿ ಕೈ ಕೊಡುವ ಹೊತ್ತಿಗೆ ಮುದುಕಿಯರೆಲ್ಲ ಅವನಿಂದ ಎರಡು ಸಾಲು ಹಿಂದೆ ಕೂತಿರುತ್ತಿದ್ದರು. ಒಮ್ಮೆ ಸಿಕ್ಕಿಕೊಂಡರೆ ಪೂಜೆ ಮುಗಿದರೂ ಬಿಡಿಸಿಕೊಳ್ಳುವುದು ಕಷ್ಟ ಎಂಬ ಪ್ರತೀತಿ ಇತ್ತು.

ಹಾಗಿದ್ದರೆ ಎಂಟು ವರ್ಷ ಯಾಕೆ ಡಾಕ್ಟರ ಹತ್ತಿರ ಹೋಗಲಿಲ್ಲ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ, ಕಾರಣ ಊರಿಗೆಲ್ಲ ಗೊತ್ತಿತ್ತು. ಕ್ವಿರಿನ್ ಆ ಕಣಿವೆಯ ಹಿರಿಯರ ಬೆರಳೆಳೆತದಲ್ಲಿ ಆರು ವರ್ಷದಿಂದ ಸೋತಿರಲಿಲ್ಲ.

ಬೆರಳೆಳೆತ ಅಂದರೆ ಆ ಕಡೆಯವರಿಗೆ ಆಟವಲ್ಲ, ವ್ರತ. ಭಾರವಾದ ಒಂದು ಮೇಜು, ಆ ಕಡೆ ಒಬ್ಬ, ಈ ಕಡೆ ಒಬ್ಬ. ನಡುವೆ ಬಳೆಯಂಥ ಒಂದು ಗಟ್ಟಿ ಚರ್ಮದ ಪಟ್ಟಿ. ಇಬ್ಬರೂ ಅದರೊಳಗೆ ಒಂದೊಂದು ಬೆರಳು ಸಿಕ್ಕಿಸಿ, ಕಾಲನ್ನು ಮೇಜಿನ ಕಾಲಿಗೆ ಒತ್ತಿ, ಎಳೆಯಬೇಕು. ಎದುರಾಳಿಯನ್ನು ಮೇಜಿನ ಮೇಲೆ ಎಳೆದು ತನ್ನ ಕಡೆ ತಂದವನು ಗೆದ್ದ. ಬೆರಳಿಂದ ಪಟ್ಟಿ ಜಾರಿದವನು ಸೋತ ಹಾಗೆಯೇ, ಆಗ ಗೆದ್ದವನು ಹಿಂದಕ್ಕೆ ಹಾರಿ ಬೀಳುತ್ತಾನೆ, ಅದಕ್ಕೆ ಇಬ್ಬರ ಹಿಂದೆಯೂ ಹಿಡಿದುಕೊಳ್ಳಲು ಒಬ್ಬೊಬ್ಬ ನಿಂತಿರುತ್ತಾನೆ. ಚರ್ಮ ಕಿತ್ತು ಬಂದರೆ ಬಿಯರಿನಲ್ಲಿ ಅದ್ದಿ ಮುಂದಿನ ಸುತ್ತಿಗೆ ಕೂರುತ್ತಾರೆ. ಆ ಪಟ್ಟಿಗಳನ್ನು ಹೊಲಿದು ಕೊಡುತ್ತಿದ್ದವನೂ ಕ್ವಿರಿನ್ನೇ. ಗೆದ್ದವನಿಗೆ ಒಂದು ಮರದ ಫಲಕ, ಮೇಲೆ ಹೆಸರು. ಆರು ಫಲಕ ಅವನ ಅಂಗಡಿಯ ಗೋಡೆಯ ಮೇಲೆ ಸಾಲಾಗಿ ನೇತಾಡುತ್ತಿದ್ದವು, ಗಿರಾಕಿ ಬಂದ ಕೂಡಲೇ ಕಣ್ಣಿಗೆ ಬೀಳುವ ಎತ್ತರದಲ್ಲಿ.

ಆರರಲ್ಲಿ ನಾಲ್ಕು ಸಲ ಅಂತಿಮ ಸುತ್ತಿನಲ್ಲಿ ಸೋತವನು ಪಂಕ್ರಾಟ್ಸ್. ಕಾಡಿನಲ್ಲಿ ಮರ ಕಡಿಯುವ ಕೆಲಸದವನು, ಬಾಗಿಲಿಗಿಂತ ಅಗಲ, ಬಾಯಿ ಅದಕ್ಕಿಂತ ಅಗಲ. ಆ ವರ್ಷ ಮೇ ತಿಂಗಳಲ್ಲಿ 'ಹಳೇ ಅಂಚೆ' ಹೋಟೆಲಿನಲ್ಲಿ ಸಂಘದ ಸಭೆ ಸೇರಿದಾಗ ಅವನು ಎದ್ದು ನಿಂತ.

"ಅಧ್ಯಕ್ಷರೇ, ನಂದೊಂದು ಪ್ರಶ್ನೆ. ಬೆರಳೆಳೆತ ಅನ್ನೋದು ಬೆರಳಿಂದೋ, ಕೊಕ್ಕೆದೋ?"

ಅಧ್ಯಕ್ಷ ಬೋನಿಫಾಜ್ ಎಪ್ಪತ್ತು ದಾಟಿದ ಮನುಷ್ಯ, ಕಿವಿ ಸ್ವಲ್ಪ ಮಂದ, ತಾಳ್ಮೆ ಅದಕ್ಕಿಂತ ಮಂದ. "ನೇರವಾಗಿ ಹೇಳಯ್ಯಾ, ಸೂಪ್ ಆರ್ತಿದೆ."

"ನಾವೆಲ್ಲ ಬೆರಳು ಬಗ್ಗಿಸಿ ಹಿಡ್ಕೋತೀವಿ. ಕ್ವಿರಿನ್‌ಗೆ ಹಿಡ್ಕೊಳ್ಳೋ ಕೆಲಸಾನೇ ಇಲ್ಲ. ಅವನ ಬೆರಳು ಬಿಚ್ಚು ಅಂದ್ರೂ ಬಿಚ್ಚಲ್ಲ. ನಿದ್ದೆ ಮಾಡ್ತಾ ಕೂತ್ರೂ ಗೆಲ್ತಾನೆ. ಗೆಲ್ಲೋದು ಅವನಲ್ಲ, ಅವನ ಕಾಯಿಲೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ!" ಕ್ವಿರಿನ್ ಕೂತಲ್ಲಿಂದಲೇ ಕೂಗಿದ. "ನಾಲ್ಕು ಸಲ ಮೇಜಿನ ಮೇಲೆ ಮೀನಿನ ಹಾಗೆ ಜಾರ್ಕೊಂಡು ಬಂದ್ಯಲ್ಲ, ಅದೂ ನನ್ನ ಕಾಯಿಲೆನಾ?"

"ಹೌದು ಕಣೋ! ನೀನು ಬಿಯರ್ ಹೇಳೋಕೆ ಎರಡು ಬೆರಳು ಎತ್ತಕ್ಕಾಗಲ್ಲ, ನಿಂಗೆ ಆರು ಫಲಕ!"

"ಅವನು ಬಿಯರ್ ಹೇಳಿದ್ದನ್ನ ನೋಡಿದೋರು ಯಾರು?" ಮೂಲೆಯಿಂದ ಇನ್ನೊಬ್ಬ ಒಗ್ಗರಣೆ ಹಾಕಿದ. "ಅವನು ಮೊದಲಿಂದ್ಲೂ ಕೈ ಬಿಚ್ಚೋ ಜಾತಿ ಅಲ್ಲ. ಎಂಜಲು ಕೈಯಲ್ಲಿ ಕಾಗೆ ಓಡಿಸಲ್ಲ!" ಹೋಟೆಲು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ನಕ್ಕರೂ ಮತ ಹಾಕಿದರು. ಒಂಬತ್ತರ ಎದುರು ಹದಿನಾಲ್ಕು. ಇನ್ನು ಮೇಲೆ ಪಟ್ಟಿಗೆ ಬೆರಳು ಹಾಕುವ ಮುಂಚೆ ಪ್ರತಿಯೊಬ್ಬನೂ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಬೇಕು. ಬೆರಳಿನಡಿಗೆ ಬಿಯರ್ ಮಗ್ ಇಡುವ ರಟ್ಟಿನ ಬಿಲ್ಲೆ ತೂರಿದರೆ ಅವನು ಆಟದಿಂದ ಹೊರಗೆ. ಬೋನಿಫಾಜ್ ಆಗಲೇ ಒಂದು ಬಿಲ್ಲೆ ತೆಗೆದುಕೊಂಡು ಪರೀಕ್ಷೆಗೆ ಬಂದ. ಕ್ವಿರಿನ್‌ನ ಬೆರಳಿನಡಿ ಬಿಲ್ಲೆಯೇನು, ಇಡೀ ಮಗ್ ತೂರುತ್ತಿತ್ತು.

ಅವನು ಟೋಪಿ ಹಾಕಿಕೊಂಡು ಎದ್ದು ಬಂದ. ದಾರಿಯುದ್ದಕ್ಕೂ ಕಿವಿಯಲ್ಲಿ ಒಂದೇ ಮಾತು ಕುಟ್ಟುತ್ತಿತ್ತು: ಗೆಲ್ಲೋದು ಅವನಲ್ಲ, ಅವನ ಕಾಯಿಲೆ. ಕೋಪ ಬಂದದ್ದು ಮಾತು ಸುಳ್ಳು ಎಂದಲ್ಲ. ಸುಳ್ಳೋ ನಿಜವೋ ತನಗೇ ಗೊತ್ತಿಲ್ಲ ಎಂದು ಕೋಪ. ಅಂಗಡಿಗೆ ಬಂದು ಆರು ಫಲಕಗಳನ್ನೂ ನೋಡಿದ. ಅದರ ಮೇಲಿದ್ದದ್ದು ಅವನ ಹೆಸರೇ. ಆದರೂ ಅನುಮಾನ ಒಳಗೆ ಹೊಕ್ಕಿತ್ತು.

ಹೆಂಡತಿ ಬುರ್ಗಿ ಒಲೆಯ ಮುಂದೆ ಕಣಕದುಂಡೆ ಕುದಿಸುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ಹೇಳಿದ: "ಆ ಸೂಜಿ ಡಾಕ್ಟ್ರು ಅಂತಿದ್ಯಲ್ಲ, ಫೋನ್ ಮಾಡು."

ಬುರ್ಗಿ ಸೌಟು ಕೆಳಗಿಟ್ಟಳು. "ಎಂಟು ವರ್ಷ ನಾನು ಬಾಯಿ ಬಡ್ಕೊಂಡೆ. ಮದುವೆ ಮನೇಲಿ ಕುಣಿಯೋವಾಗ ಬೆನ್ನಿಗೆ ಕೊಕ್ಕೆ ಹಾಕ್ತೀಯ ಅಂದೆ. ಮೊಮ್ಮಗು ಕೆನ್ನೆ ಗೀರ್ತೀಯ ಅಂದೆ. ಒಂದು ದಿನ ಕಿವಿಗೆ ಹಾಕ್ಕೊಂಡ್ಯಾ? ಆ ಮರಕಡಿಯೋನು ಒಂದು ಮಾತಂದ, ಓಡಿ ಬಂದ್ಯಾ?"

"ನೀನು ಹೇಳಿದ್ದು ಬೆರಳಿನ ವಿಷಯ. ಇದು ಮರ್ಯಾದೆ ವಿಷಯ."

"ನನ್ನ ಬೆನ್ನಿಗೆ ಮರ್ಯಾದೆ ಇಲ್ಲ, ಅಲ್ವಾ?" ಎಂದಳು. ಆದರೂ ಫೋನು ಮಾಡಿದಳು. ಅವಳ ಬಳಿ ನಂಬರು ಆರು ವರ್ಷದಿಂದ ಇತ್ತು.

ಸೆಪ್ಟೆಂಬರಿನಲ್ಲಿ ಸರದಿ ಬಂತು. ಪೇಟೆಯ ಕೈ ಚಿಕಿತ್ಸಾಲಯದಲ್ಲಿ ಕಾಯುವ ಕೋಣೆಯ ತುಂಬ ಬಾಗಿದ ಬೆರಳುಗಳೇ. ಎಲ್ಲರೂ ಪತ್ರಿಕೆಯ ಹಾಳೆ ತಿರುವಲು ಒದ್ದಾಡುತ್ತಿದ್ದರು. ಕ್ವಿರಿನ್ ಜನ್ಮದಲ್ಲಿ ಮೊದಲ ಸಲ ತನ್ನವರ ನಡುವೆ ಕೂತಂತೆ ಕೂತ. ಪಕ್ಕದಲ್ಲಿ ಝೆಂಟಾ ಎಂಬ ಮುದುಕಿ, ಎಂಬತ್ತರ ಹತ್ತಿರ, ಹಸಿರು ಟೋಪಿ. ಅವಳಿಗೆ ಇದು ಮೂರನೇ ಸಲ, ಹಾಗಾಗಿ ತಾನೇ ಅರ್ಧ ಡಾಕ್ಟರು.

"ಎಲ್ಲಿ, ತೋರ್ಸು ಮಗಾ." ಅರವತ್ತೆರಡರ ಮಗ ಕೈ ತೋರಿಸಿದ. ಅವಳು ಹುರಿಯನ್ನು ಒತ್ತಿ ನೋಡಿ ತಲೆಯಾಡಿಸಿದಳು. "ಒಳ್ಳೆ ಹಣ್ಣಾಗಿದೆ. ಹುರಿ ಗಟ್ಟಿ ಆದಷ್ಟೂ ಚೆನ್ನಾಗಿ ಹರಿಯುತ್ತೆ. ಬರೀ ಗಂಟಿದ್ರೆ ಇವ್ರು ಮುಟ್ಟಲ್ಲ, ಬೆರಳು ಬಗ್ಗೋವರ್ಗೂ ಕಾಯಿ ಅಂತಾರೆ."

"ನೋವಾಗುತ್ತಾ ಅಮ್ಮಾ?"

"ಮರಗಟ್ಟೋ ಮದ್ದು ಚುಚ್ತಾರಲ್ಲ, ಆಗ ಅಪ್ಪಾ ಅಮ್ಮಾ ಅಂತೀಯ. ಆಮೇಲೆ ಬರೀ ಸದ್ದು. ಸದ್ದು ಕೇಳಿ ಹೆದರ್ಬೇಡ. ನನ್ನ ತಂಗಿ ಗಂಡ ಸದ್ದಿಗೇ ಮೂರ್ಛೆ ಹೋದ, ದೊಡ್ಡ ಬೇಟೆಗಾರ ಅಂತೆ!"

"ಮತ್ತೆ ಮೂರನೇ ಸಲ ಯಾಕೆ ಬಂದ್ರಿ?"

"ನಾಯಿ ಬಾಲ ನಳಿಗೇಲಿ ಇಟ್ರೂ ಡೊಂಕೇ ಅಲ್ವಾ? ಕೆಲವರದು ಮತ್ತೆ ಬಗ್ಗುತ್ತೆ. ನಂದು ಐದು ವರ್ಷ ತಡ್ಕೊಂಡಿತ್ತು. ಐದು ವರ್ಷ ನನ್ನ ಕೈಲಿ ನಾನೇ ಜಡೆ ಹಾಕ್ಕೊಂಡೆ. ಸಾಲ್ದಾ?"

ಡಾಕ್ಟರು ಥೀಸ್ಸನ್ ಎಂಬ ತೆಳ್ಳನೆಯ ಹೆಂಗಸು, ಉತ್ತರದ ಕಡಲತೀರದವಳು. ಅವಳ ಮಾತಿನ ಉಚ್ಚಾರ ಕೇಳಿದ್ದೇ ಕ್ವಿರಿನ್‌ನ ಮೀಸೆ ಇಳಿಯಿತು. ಅವನ ಕಣಿವೆಯಲ್ಲಿ ಉತ್ತರದವರನ್ನು ನಂಬಿ ಛತ್ರಿಯನ್ನೂ ಕೊಡುವುದಿಲ್ಲ, ಇವನು ಕೈಯನ್ನೇ ಕೊಡಬೇಕಾಗಿತ್ತು.

"ಕೈ ಮೇಜಿನ ಮೇಲೆ ಚಪ್ಪಟೆಯಾಗಿ ಇಡೋಕೆ ನೋಡಿ" ಎಂದಳು ಅವಳು.

"ಇಲ್ಲೂ ಅದೇ ನಿಯಮಾನಾ?" ಕ್ವಿರಿನ್ ಬೆಚ್ಚಿಬಿದ್ದು, ಬೆರಳೆಳೆತದ ಕಥೆಯನ್ನೆಲ್ಲ ಹೇಳಿದ. ಎಲ್ಲ ಕಡೆಯ ಡಾಕ್ಟರುಗಳೂ ಈ ಕಾಯಿಲೆಯನ್ನು ಹೀಗೇ ನೋಡುವುದು ಎಂದು ಅವಳು ಹೇಳಿದಾಗ, ಪಂಕ್ರಾಟ್ಸ್ ಗೊತ್ತಿಲ್ಲದೆಯೇ ಡಾಕ್ಟರಿಕೆ ಮಾಡಿದನಲ್ಲ ಎಂದು ಹೊಟ್ಟೆ ಉರಿಯಿತು.

ಅವಳು ಪೆನ್ನಿನಿಂದ ಹುರಿಯ ಉದ್ದಕ್ಕೂ ಐದು ಚುಕ್ಕೆ ಇಟ್ಟಳು. ಕ್ವಿರಿನ್‌ಗೆ ಸ್ವಲ್ಪ ಧೈರ್ಯ ಬಂತು, ಅವನೂ ಚರ್ಮಕ್ಕೆ ದಬ್ಬಣ ಹಾಕುವ ಮುಂಚೆ ಚುಕ್ಕೆ ಇಡುವವನೇ. ಮೊದಲ ಚುಚ್ಚಿಗೆ ಧೈರ್ಯ ಹೊರಟುಹೋಯಿತು. ಅವನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಪಾದ್ರಿಗಳೂ ಇದನ್ನು ಓದುತ್ತಾರೆ.

"ಬೈಯಿರಿ, ತೊಂದರೆ ಇಲ್ಲ" ಎಂದಳು ಡಾಕ್ಟರು. "ಆದರೆ ಬೆರಳ ತುದಿ ಜುಮ್ ಅಂದ್ರೆ ಮಾತ್ರ ತಕ್ಷಣ ಹೇಳಿ. ಅಲ್ಲಿ ನರ ಇರುತ್ತೆ, ಅದಕ್ಕೇ ಪೂರ್ತಿ ಮರಗಟ್ಟಿಸಲ್ಲ."

ಆಮೇಲೆ ಅವಳು ಸೂಜಿಯನ್ನು ಒಳಗೆ ಬಿಟ್ಟು ಅದರ ತುದಿಯಿಂದ ಹುರಿಯನ್ನು ಸ್ವಲ್ಪ ಸ್ವಲ್ಪವೇ ಕೊಯ್ಯತೊಡಗಿದಳು. ಕತ್ತಿ ಇಲ್ಲ, ಹೊಲಿಗೆ ಇಲ್ಲ. ನೋಡಬೇಡಿ ಅಂದರೂ ಕ್ವಿರಿನ್ ನೋಡಿದ. ನಲವತ್ತೈದು ವರ್ಷ ಸೂಜಿ ಹಿಡಿದವನಿಗೆ ಬೇರೆಯವರ ಸೂಜಿಗಾರಿಕೆ ನೋಡದೆ ಇರಲಾಗುತ್ತದೆಯೇ?

"ಮಣಿಕಟ್ಟಿಂದ ತಳ್ತಿಲ್ಲ ನೀವು, ಬೆರಳ ತುದಿಯಿಂದ್ಲೇ ಆಡಿಸ್ತಿದೀರ" ಎಂದ, ಬೆವರು ಒರೆಸಿಕೊಳ್ಳುತ್ತ. "ನಮ್ಮ ಮೇಷ್ಟ್ರು ಇದನ್ನ ಕಲಿಸೋಕೆ ನಂಗೆ ಮೂರು ವರ್ಷ ಹೊಡೆದ್ರು."

"ನನಗೂ ಮೂರು ವರ್ಷ ಹಿಡೀತು. ಹೊಡೀಲಿಲ್ಲ ಅಷ್ಟೆ" ಎಂದು ಅವಳು ನಕ್ಕಳು. ಕ್ವಿರಿನ್‌ನ ಪಾಲಿಗೆ ಉತ್ತರದೇಶದ ಒಂದು ಜೀವ ಆ ಕ್ಷಣದಲ್ಲಿ ಉದ್ಧಾರವಾಯಿತು.

"ಈಗ ಎಳೀತೀನಿ" ಎಂದಳು. ಎಷ್ಟೋ ಜನರ ಬೆರಳು ಎಳೆದವನ ಬೆರಳನ್ನು ಆ ತೆಳ್ಳನೆಯ ಹೆಂಗಸು ಹಿಡಿದು ಹಿಂದಕ್ಕೆ ಎಳೆದಳು. ಒಣ ಕಡ್ಡಿ ಮುರಿದಂತೆ ಟಕ್ ಎಂದಿತು. ಪಕ್ಕದ ಬೆರಳಿಗೆ ಮತ್ತೊಮ್ಮೆ, ಟಕ್. ಬೇಟೆಗಾರ ಯಾಕೆ ಮೂರ್ಛೆ ಹೋದನೆಂದು ಕ್ವಿರಿನ್‌ಗೆ ಅರ್ಥವಾಯಿತು. ಕಣ್ಣು ಬಿಟ್ಟಾಗ ಅವನ ಅಂಗೈ ಮೇಜಿನ ಮೇಲೆ ಮಲಗಿತ್ತು. ಪೂರ್ತಿ ಮಲಗಿತ್ತು. ವರ್ಷಗಟ್ಟಲೆ ಬೆಳಕು ಕಾಣದ ಚರ್ಮ ಬೆರಳಿನ ಬುಡದಲ್ಲಿ ಕೂಸಿನ ಚರ್ಮದ ಹಾಗೆ ಬೆಳ್ಳಗಿತ್ತು. ಅವನಿಗೆ ಅಳು ಬಂತು, ಅಳುವುದು ಯಾಕೆಂದು ತಿಳಿಯದೆ ಇನ್ನಷ್ಟು ಅಳು ಬಂತು.

"ಮತ್ತೆ ಬಗ್ಗಬಹುದು" ಎಂದು ಅವಳು ಪಟ್ಟಿ ಸುತ್ತುತ್ತ ಎಚ್ಚರಿಸಿದಳು. "ಮಲಗುವಾಗ ಈ ಪಟ್ಟಿ ಕಟ್ಕೊಳ್ಳಿ. ಆರು ವಾರ ಭಾರ ಎಳೀಬೇಡಿ. ನಿಮ್ಮ ಆಟ ಅಂತೂ ಬಿಟ್ಟುಬಿಟ್ರೆ ಒಳ್ಳೇದು."

ಕೊನೆಯ ಮಾತು ಕ್ವಿರಿನ್‌ಗೆ ಕೇಳಿಸಲಿಲ್ಲ. ಬೋನಿಫಾಜನ ಕಿವಿ ಅವನಿಗೂ ಬಂದಿತ್ತು, ಬೇಕಾದಾಗ ಮಾತ್ರ.

ಮುಂದಿನ ವಾರಗಳಲ್ಲಿ ಅವನನ್ನು ತಡೆಯುವವರೇ ಇರಲಿಲ್ಲ. ಕಂಡಕಂಡವರಿಗೆ ಕೈ ಕೊಟ್ಟ. ಹಾಲಿನ ಲಾರಿಗೆ ಕೈ ಬೀಸಿದ, ಪೊಲೀಸ್ ಕಾರಿಗೆ ಕೈ ಬೀಸಿದ, ಶವದ ಗಾಡಿಗೂ ಬೀಸಿದ. ಜೇಬಿಗೆ ಕೈ ಹಾಕಿ ಸುಮ್ಮನೆ ಓಣಿಯಲ್ಲಿ ನಡೆದಾಡಿದ. ಅಕ್ಟೋಬರಿನ ಒಂದು ಮದುವೆಯಲ್ಲಿ ಬುರ್ಗಿಯ ಬೆನ್ನ ಮೇಲೆ ಅಂಗೈ ಇಟ್ಟು ಕುಣಿದ.

"ಹೇಗಿದೆ?" ಎಂದು ಕೇಳಿದ.

"ಬೆಚ್ಚಗಿದೆ" ಎಂದಳು ಬುರ್ಗಿ. ಮೂರು ಹಾಡು ಮುಗಿಯುವವರೆಗೂ ಅವನನ್ನು ಕೂರಲು ಬಿಡಲಿಲ್ಲ.

ಇಷ್ಟು ಸುಖ ಸಿಕ್ಕವನು ಸುಮ್ಮನಿರಬಹುದಿತ್ತು. ಅಂಗಡಿಯ ಗೋಡೆ ಬಿಡಲಿಲ್ಲ. ದಬ್ಬಣ ಹಿಡಿದು ಕೂತಾಗಲೆಲ್ಲ ಆರು ಫಲಕಗಳು ಅವನನ್ನೇ ಕೇಳುತ್ತಿದ್ದವು: ನಮ್ಮನ್ನು ಗೆದ್ದದ್ದು ನೀನೋ, ಅದೋ? ಒಂದು ಸಲ, ನೆಟ್ಟಗಿನ ಬೆರಳಿನಲ್ಲಿ ಒಂದೇ ಒಂದು ಸಲ ಗೆದ್ದರೆ ಆ ಆರೂ ತನ್ನವಾಗುತ್ತವೆ. ಸೋತರೆ ಆರೂ ಹೋಗುತ್ತವೆ. ಲೆಕ್ಕ ಅಷ್ಟೇ ಸರಳವಾಗಿತ್ತು.

ನವೆಂಬರಿನ ಎರಡನೇ ಭಾನುವಾರ, ಚರ್ಚು ಬಿಟ್ಟ ಕೂಡಲೇ, ಹಳೇ ಅಂಚೆ ಹೋಟೆಲಿನಲ್ಲಿ ಜನ ಸೇರಿತು. ಬಿಳಿ ಸಾಸೇಜು, ಸಿಹಿ ಸಾಸಿವೆ, ಹಗ್ಗದ ಗಂಟಿನಂತೆ ಹೆಣೆದ ಉಪ್ಪಿನ ರೊಟ್ಟಿ, ಬಿಯರು. ಹನ್ನೆರಡರ ಗಂಟೆ ಹೊಡೆಯುವುದರೊಳಗೆ ಸಾಸೇಜು ಮುಗಿಯಬೇಕು, ಆಟ ಮುಗಿಯಬೇಕು, ಸಂಘದ ಮಾತೂ ಮುಗಿಯಬೇಕು. ಅದು ಆ ಹೋಟೆಲಿನ ಕಟ್ಟಳೆ.

ಬೋನಿಫಾಜ್ ರಟ್ಟಿನ ಬಿಲ್ಲೆ ಹಿಡಿದು ಸಾಲಾಗಿ ಬಂದ. ಕ್ವಿರಿನ್ ಅಂಗೈಯನ್ನು ಮೇಜಿನ ಮೇಲೆ ಬಡಿದ. ಚಪ್ಪಟೆ! ಬಿಲ್ಲೆ ಬೆರಳಿಗೆ ತಗುಲಿ ನಿಂತಿತು. ಹೋಟೆಲು ಕುಣಿಯಿತು. ಎಲ್ಲರ ಕೊನೆಗೆ ಪಂಕ್ರಾಟ್ಸ್ ಬಂದು, ಕೈ ಇಟ್ಟು, ನೋಡುವಷ್ಟರಲ್ಲಿ ತೆಗೆದುಕೊಂಡ. ನಿಯಮ ತಂದವನ ಕೈಯನ್ನು ಯಾರು ಪರೀಕ್ಷಿಸುತ್ತಾರೆ?

ಮೊದಲ ಎರಡು ಸುತ್ತು ಕ್ವಿರಿನ್ ಸುಲಭವಾಗಿ ಗೆದ್ದ. ಅಂತಿಮ ಸುತ್ತಿಗೆ, ಮತ್ತೆ ಯಾರು, ಪಂಕ್ರಾಟ್ಸ್.

"ಕೊಕ್ಕೆ ಮನೇಲಿ ಬಿಟ್ಟು ಬಂದ್ಯಾ?" ಎಂದ ಪಂಕ್ರಾಟ್ಸ್, ಪಟ್ಟಿಗೆ ಬೆರಳು ಹಾಕುತ್ತ.

"ನಿನ್ನ ಬಾಯಿ ಮನೇಲಿ ಬಿಟ್ಟು ಬರೋ ಹಾಗಿದ್ರೆ ಆಟಕ್ಕೆ ಇನ್ನೂ ಕಳೆ ಇರ್ತಿತ್ತು."

"ಎಳೀರಿ!" ಎಂದ ಬೋನಿಫಾಜ್.

ಇಬ್ಬರ ಕತ್ತಿನ ನರ ಎದ್ದವು. ಮೇಜು ಕರಕರ ಎಂದಿತು. ಕ್ವಿರಿನ್‌ನ ತೋಳಿನಲ್ಲಿ ಶಕ್ತಿ ಇತ್ತು, ಬೆನ್ನಿನಲ್ಲಿ ಇತ್ತು, ಕಾಲಿನಲ್ಲಿ ಇತ್ತು. ಐದನೆಯ ಸೆಕೆಂಡಿಗೆ ಪಂಕ್ರಾಟ್ಸ್‌ನ ಎದೆ ಮೇಜಿಗೆ ತಾಗಿತು. ಇನ್ನು ಒಂದು ಗೇಣು. ಆಗ ಕ್ವಿರಿನ್‌ಗೆ ಒಂದು ವಿಚಿತ್ರ ಅನುಭವವಾಯಿತು. ಹಿಂದೆಲ್ಲ ಈ ಹಂತದಲ್ಲಿ ಅವನು ಬೆರಳನ್ನು ಮರೆತೇ ಬಿಡುತ್ತಿದ್ದ, ಅದು ತಾನಾಗಿ ನಿಂತಿರುತ್ತಿತ್ತು. ಈಗ ಹಿಡಿದುಕೊಂಡಿರಬೇಕಾಗಿತ್ತು. ಹಿಡಿದ. ಹಿಡಿದೇ ಇದ್ದ. ಬೆರಳು ಒಂದು ಕೂದಲೆಳೆ ಬಿಚ್ಚಿತು, ಆಮೇಲೆ ಇನ್ನೊಂದು. ಅವನ ಕಣ್ಣೆದುರಿಗೇ ಅವನ ಬೆರಳು ಸಾವಕಾಶವಾಗಿ ನೆಟ್ಟಗಾಯಿತು. ಪಟ್ಟಿ ಹಾರಿತು. ಪಂಕ್ರಾಟ್ಸ್ ಹಿಂದಕ್ಕೆ ಬಿದ್ದು, ಹಿಂದಿದ್ದವನನ್ನೂ ಕುರ್ಚಿಯನ್ನೂ ಸೇರಿಸಿಕೊಂಡು ಗೋಡೆಗೆ ಹೋಗಿ ನಿಂತ.

ಗದ್ದಲದ ನಡುವೆ ಕ್ವಿರಿನ್ ಕೂತೇ ಇದ್ದ. ನೋವು ಬೆರಳಿನಲ್ಲಿರಲಿಲ್ಲ. ಪಂಕ್ರಾಟ್ಸ್ ಹೇಳಿದ್ದೇ ನಿಜವಾಗಿತ್ತಲ್ಲ, ಅದು. ಆರು ವರ್ಷ ಬೇರೆ ಯಾರದೋ ಅಂಗಿ ತೊಟ್ಟು ಮೆರೆದಂತೆ ನಾಚಿಕೆಯಾಯಿತು. ಬಾಗಿಲ ಬಳಿ ಬುರ್ಗಿ ನಿಂತಿದ್ದಳು, ಅವಳ ಮುಖ ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ.

ಸೋತವನು ಎದ್ದು ಹೋಗಿ ಗೆದ್ದವನ ಕೈ ಕುಲುಕಬೇಕು. ಹೋದ. ಹಿಂದೆಲ್ಲ ಕ್ವಿರಿನ್‌ನ ಕೈ ಅರ್ಧ ಮಾತ್ರ ಸಿಗುತ್ತಿತ್ತು, ಈಗ ಅಂಗೈಗೆ ಅಂಗೈ ಪೂರ್ತಿ ಕೂತಿತು. ಕೂತ ಕೂಡಲೇ ಕ್ವಿರಿನ್‌ನ ಅಂಗೈಗೆ ಏನೋ ತಗುಲಿತು. ಚರ್ಮದಡಿಯ ಗಂಟನ್ನು ಗುರುತಿಸಲು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಪಂಕ್ರಾಟ್ಸ್‌ನ ಉಂಗುರದ ಬೆರಳಿನ ಬುಡದಲ್ಲಿ, ಬಟಾಣಿಯಷ್ಟು, ಗಟ್ಟಿಯಾಗಿ. ಅದರ ಮುಂದೆ ಸಣ್ಣ ಹುರಿಯ ಮೊದಲ ಎಳೆ.

ಪಂಕ್ರಾಟ್ಸ್ ಕೈ ಎಳೆದುಕೊಳ್ಳಲು ನೋಡಿದ. ಕ್ವಿರಿನ್ ಬಿಡಲಿಲ್ಲ. ಆ ಅಗಲವಾದ ಮುಖದಲ್ಲಿ ಬಣ್ಣ ಇಳಿದುಹೋಗಿತ್ತು.

ಕ್ವಿರಿನ್‌ನ ಬಾಯಿ ತುಂಬ ಮಾತು ಬಂತು. ಮೇ ತಿಂಗಳಿಂದ ಕೂಡಿಟ್ಟ ಒಂದೊಂದು ಮಾತೂ ನಾಲಿಗೆಯ ತುದಿಗೆ ಬಂದು ನಿಂತಿತು. ಹೋಟೆಲಿಗೆಲ್ಲ ಕೇಳುವ ಹಾಗೆ ಒಂದು ಕೂಗು ಹಾಕಿದರೆ ಸಾಕಿತ್ತು: ಇಲ್ಲಿ ಬನ್ರೋ, ನಿಯಮ ತಂದವನ ಅಂಗೈ ನೋಡಿ! ಆಹಾ, ಎಂಥ ರುಚಿ ಇತ್ತು ಆ ಮಾತಿಗೆ! ಆದರೆ ಬೆರಳು ಇನ್ನೂ ಬಾಗಿರಲಿಲ್ಲ. ಇವತ್ತು ಗೆದ್ದದ್ದು ಪಂಕ್ರಾಟ್ಸ್, ಗಂಟಲ್ಲ. ಅದು ಕ್ವಿರಿನ್‌ಗಿಂತ ಚೆನ್ನಾಗಿ ಗೊತ್ತಿರುವವನು ಆ ಕೋಣೆಯಲ್ಲಿ ಇನ್ಯಾರೂ ಇರಲಿಲ್ಲ.

"ಯಾವಾಗಿಂದ?" ಎಂದು ಮೆಲ್ಲಗೆ ಕೇಳಿದ.

"ಜುಲೈಯಿಂದ." ಪಂಕ್ರಾಟ್ಸ್‌ನ ತುಟಿ ಮಾತ್ರ ಆಡಿತು. ಆಮೇಲೆ, ಆ ಬಾಗಿಲಿಗಿಂತ ಅಗಲದ ಮನುಷ್ಯ ಮಕ್ಕಳ ಹಾಗೆ ಕೇಳಿದ: "ತುಂಬಾ ನೋವಾಗುತ್ತಾ, ಕ್ವಿರಿನ್?"

ಹಾಗೆ ಕೇಳಿದವನನ್ನು ಹಂಗಿಸುವುದು ಹೇಗೆ? ಕ್ವಿರಿನ್‌ನ ಬಾಯೊಳಗಿನ ಮಾತೆಲ್ಲ ಹಿಂದಕ್ಕೆ ಹೋಯಿತು.

"ಈಗೇನೂ ಮಾಡಲ್ಲ ಕಣೋ. ಬಗ್ಗೋವರ್ಗೂ ಮುಟ್ಟಲ್ಲ. ಎರಡು ವರ್ಷ ಆಗ್ಬೋದು, ಐದಾಗ್ಬೋದು. ಬಗ್ಗಿದಾಗ ಬಾ, ಕರ್ಕೊಂಡು ಹೋಗ್ತೀನಿ. ಬೈದ್ರೂ ಏನೂ ಅಂದ್ಕೊಳ್ಳಲ್ಲ ಆ ಡಾಕ್ಟ್ರಮ್ಮ."

"ಕೈ ಬಿಡ್ರಪ್ಪಾ, ಮದುವೆ ಆಗ್ತಿದೀರಾ?" ಯಾರೋ ಕೂಗಿದರು. ಇಬ್ಬರೂ ಕೈ ಬಿಟ್ಟರು.

ಕ್ವಿರಿನ್ ತನ್ನ ಜಾಗಕ್ಕೆ ಬಂದು ಕೂತ, ಒಂದು ಗುಟುಕು ಕುಡಿದ. ಕಣ್ಣ ಮುಂದೆ ಒಂದು ಚಿತ್ರ ಬಂತು: ಎರಡೋ ಮೂರೋ ವರ್ಷದ ಮೇಲೆ ಇದೇ ಮೇಜು, ಇದೇ ಜನ, ಬೋನಿಫಾಜ್ ಬಿಲ್ಲೆ ತೂರಿಸುತ್ತಾನೆ, ಎಲ್ಲರೂ ನಗುತ್ತಾರೆ, ಪಂಕ್ರಾಟ್ಸ್ ಟೋಪಿ ಹಾಕಿಕೊಂಡು ಒಬ್ಬನೇ ಮನೆಗೆ ನಡೆಯುತ್ತಾನೆ. ಆ ನಡಿಗೆ ಎಷ್ಟು ಉದ್ದ ಎಂದು ಅವನಿಗೆ ಗೊತ್ತಿತ್ತು. ಚರ್ಚಿನ ಗಡಿಯಾರದಲ್ಲಿ ಹನ್ನೆರಡಕ್ಕೆ ಏಳು ನಿಮಿಷ ಇತ್ತು.

"ಸಂಘದ ಮುಂದೆ ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?" ಎಂದು ಬೋನಿಫಾಜ್ ಕೇಳಿದ, ಬೇಡಪ್ಪಾ ಎಂಬ ದನಿಯಲ್ಲಿ.

ಕ್ವಿರಿನ್ ಎದ್ದ. "ನಂಗಿದೆ. ಆ ಬಿಲ್ಲೆ ನಿಯಮ ತೆಗೀಬೇಕು. ಮೇಜಿಗೆ ಬಂದೋನು ಯಾವ ಬೆರಳು ತಂದ್ರೂ ಸರಿ, ದೇವರು ಕೊಟ್ಟಿದ್ದು ಅದೇ ತಾನೆ?"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲರಿಗೂ ಒಟ್ಟಿಗೆ ಅರ್ಥವಾಯಿತು, ತಪ್ಪಾಗಿ.

"ಅಯ್ಯೋ, ಸೋತ ಕೂಡ್ಲೇ ಕೊಕ್ಕೆ ವಾಪಸ್ ಬೇಕಂತೆ!"

"ಹೋಗಿ ಆ ಡಾಕ್ಟ್ರಿಗೆ ಹೇಳು, ಮತ್ತೆ ಬಗ್ಗಿಸಿ ಕೊಡ್ತಾಳೆ!"

"ನಿನ್ನ ಬೆರಳು ಈಗ ನೆಟ್ಟಗಿದ್ಯಲ್ಲೋ, ನಿಂಗ್ಯಾಕೆ ಉರಿ?" ಎಂದು ಬೋನಿಫಾಜ್ ಕೇಳಿದ.

"ಮತ್ತೆ ಬಗ್ಗಬಹುದು ಅಂದಿದಾರೆ ಡಾಕ್ಟ್ರು" ಎಂದ ಕ್ವಿರಿನ್. ಅದು ಸುಳ್ಳಲ್ಲ. ಆದರೆ ಅದನ್ನು ಹೇಳುತ್ತಿದ್ದಂತೆಯೇ ಅವನಿಗೆ ತಿಳಿಯಿತು: ಇನ್ನು ಮೇಲೆ ಈ ಕಣಿವೆಯಲ್ಲಿ ಯಾರೂ, ಎಂದೆಂದಿಗೂ, ಆ ಆರು ಫಲಕ ತನ್ನವು ಎಂದು ನಂಬುವುದಿಲ್ಲ. ಕಾಯಿಲೆಯಿಂದ ಗೆದ್ದವನು, ಕಾಯಿಲೆ ಹೋದಾಗ ಸೋತವನು, ಸೋತ ಮೇಲೆ ಕಾಯಿಲೆಯನ್ನು ಬೇಡಿದವನು, ಹೀಗೆಯೇ ಹೇಳಿಕೊಂಡು ನಗುತ್ತಾರೆ. ಕಿವಿ ಬಿಸಿಯಾಯಿತು. ಆದರೂ ಕೂರಲಿಲ್ಲ.

ನಗು ಅಡಗಲು ಹೊತ್ತು ಹಿಡಿಯಿತು. ಬೋನಿಫಾಜ್ ಗಡಿಯಾರ ನೋಡಿದ. "ಸರಿ, ಕೇಳಿದ್ದಾನೆ, ಕೇಳ್ಬೇಕಲ್ಲ. ನಿಯಮ ತೆಗೀಬೇಕು ಅನ್ನೋರು ಕೈ ಎತ್ತಿ."

ಮೊದಲು ಎದ್ದದ್ದು ಒಂದೇ ಕೈ. ಹೋಟೆಲಿನಲ್ಲಿ ಎಲ್ಲಕ್ಕಿಂತ ದೊಡ್ಡದು, ಮರದ ಅಂಟು ಹತ್ತಿದ್ದು, ಬೆರಳೈದನ್ನೂ ಅಗಲಿಸಿ, ಅಂಗೈಯನ್ನು ಜನರ ಕಡೆಗೇ ತಿರುಗಿಸಿ. ಆ ಗಂಟು ನೋಡಬೇಕೆಂದವರಿಗೆ ಕಾಣುತ್ತಿತ್ತು.

ಬೋನಿಫಾಜ್ ಕನ್ನಡಕ ಸರಿಮಾಡಿಕೊಂಡು ನೋಡಿದ. "ಪಂಕ್ರಾಟ್ಸ್, ಅದು ನೀನು ತಂದ ನಿಯಮ ಕಣೋ."

"ಗೊತ್ತು" ಎಂದ ಪಂಕ್ರಾಟ್ಸ್. ಅವನು ನೋಡುತ್ತಿದ್ದದ್ದು ಬೋನಿಫಾಜನನ್ನಲ್ಲ, ಕ್ವಿರಿನ್‌ನನ್ನು. "ಎಣಿಸು."